ಕೇಬಲ್ಲಿನ ಮೇಲಿನ ವಿಭೂತಿ

ಬೆಳಗಿನ ಸ್ನಾನ, ಸಂಧ್ಯೆ, ಪೂಜೆಗಳನ್ನು ಮುಗಿಸಿ, ನನಗೆ ಅಕ್ಷರ ಕಲಿಸಿದ ಧಾರವಾಡದ ಪಾಠಶಾಲೆಯ ಗುರುಗಳನ್ನೂ ಕೇಬಲ್ ಕಲಿಸಿದ ವಾಮನರಾಯರನ್ನೂ ಒಟ್ಟಿಗೆ ಸ್ಮರಿಸಿ ಈ ಬರಹಕ್ಕೆ ಕುಳಿತಿದ್ದೇನೆ. ಇಬ್ಬರ ವಿದ್ಯೆಯೂ ಬೇರೆ ಬೇರೆಯೆಂದು ತಾರುಣ್ಯದಲ್ಲಿ ನಾನು ತಿಳಿದಿದ್ದೆ. ಹಾಗಲ್ಲವೆಂದು ತಿಳಿಯುವ ಹೊತ್ತಿಗೆ ಕೂದಲು ಬೆಳ್ಳಗಾಗಿತ್ತು.

ತಾರಿಹಾಳದ ಕಾರ್ಖಾನೆಯೊಂದರಲ್ಲಿ ಕೇಬಲ್ ಜೋಡಿಸುವ ಕೆಲಸ ಕಲಿಯುತ್ತಿರುವ ಕೆಲವು ತರುಣರು ಈಚೆಗೆ ಮನೆಗೆ ಬಂದಿದ್ದರು. ‘ಪುಸ್ತಕದಾಗ ಇರದಿದ್ದದ್ದು ಏನರ ಹೇಳ್ರಿ’ ಎಂದರು. ವಿದ್ಯುತ್ ಇಲಾಖೆಯಲ್ಲಿ ನನಗೆ ದೊರೆತ ಬಡ್ತಿಗಳ ವಿಷಯ ಅವರಿಗೆ ಬೇಕಿರಲಿಲ್ಲ. ನನಗೂ ಅದರಲ್ಲಿ ಹೇಳುವಂಥದ್ದೇನೂ ಕಾಣಲಿಲ್ಲ. ನೆಲದ ಕೆಳಗೆ ಹೋಗುವ ದಾರದಂಥ ಈ ವಸ್ತು ಎಷ್ಟು ಮೌನವಾಗಿರುತ್ತದೆ, ಆ ಮೌನವನ್ನು ನಂಬಿದವನಿಗೆ ಏನಾಗುತ್ತದೆ ಎಂಬುದನ್ನಷ್ಟೇ ಹೇಳಬಲ್ಲೆ.

ಮೊದಲ ದಿನದಿಂದ ಆರಂಭಿಸುತ್ತೇನೆ. ಪಾಠಶಾಲೆಯಿಂದ ಡಿಪ್ಲೊಮಾಕ್ಕೆ, ಅಲ್ಲಿಂದ ನೌಕರಿಗೆ ಬಂದ ನನ್ನನ್ನು ವಾಮನರಾಯರ ಕೈಕೆಳಗೆ ಹಾಕಿದರು. ಅವರು ಕೇಬಲ್ ವಿಭಾಗದ ಹಿರಿಯ ಇಂಜಿನಿಯರರು. ಎತ್ತರದ ಆಳು, ಮಾತು ಕಡಿಮೆ. ರಸ್ತೆಯ ಪಕ್ಕ ತಗ್ಗು ತೋಡಿ, ಮೇಲೆ ತಾಡಪತ್ರಿ ಕಟ್ಟಿ, ಅದರೊಳಗೆ ಒಂದು ಕಾಗದದ ಕೇಬಲ್ಲನ್ನು ಬಿಚ್ಚಿ ಕುಳಿತಿದ್ದರು. ಒಳಗೆ ಕಾಲಿಡುತ್ತಿದ್ದಂತೆ ಕೇಳಿದರು:

‘ಎಲ್ಲಿ, ಕೈ ತೋರ್ಸು.’

ತೋರಿಸಿದೆ.

‘ಬೆವತಾವ. ಹೊರಗ ನಿಂದ್ರು.’

ಕಾಗದವೆಂದರೆ ನಗಬೇಡಿ. ಅಂದಿನ ಉಚ್ಚ ವೋಲ್ಟೇಜಿನ ಕೇಬಲ್ಲುಗಳಿಗೆಲ್ಲ ಕಾಗದವೇ ರಕ್ಷೆ. ನಡುವೆ ತಾಮ್ರದ ಇಲ್ಲವೆ ಅಲ್ಯೂಮಿನಿಯಮ್ಮಿನ ತಂತಿ. ಅದರ ಸುತ್ತ ತೆಳುವಾದ ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಸುತ್ತಿ, ಜಿಡ್ಡಿನಂಥ ಎಣ್ಣೆಯಲ್ಲಿ ತೋಯಿಸಿರುತ್ತಾರೆ. ಅದರ ಮೇಲೆ ಸೀಸದ ಕೊಳವೆ, ಉಕ್ಕಿನ ಕವಚ, ಎಲ್ಲಕ್ಕೂ ಹೊರಗೆ ಡಾಂಬರಿನಲ್ಲಿ ಅದ್ದಿದ ಸೆಣಬು. ಎಣ್ಣೆ ಕುಡಿದ ಕಾಗದ ವಿದ್ಯುತ್ತಿನ ಒತ್ತಡವನ್ನು ಅಚ್ಚರಿಪಡುವಷ್ಟು ಕಾಲ ತಡೆಯುತ್ತದೆ. ಆದರೆ ನೀರಿನ ಒಂದು ಹನಿ ಸೋಕಿತೆಂದರೆ ಅದರ ಆಯುಷ್ಯ ಮುಗಿಯಿತು.

ಕೈ ಒರೆಸಿಕೊಂಡು ಒಳಗೆ ಹೋದ ಮೇಲೆ ವಾಮನರಾಯರು ಒಂದು ಪರೀಕ್ಷೆ ತೋರಿಸಿದರು. ಪಾತ್ರೆಯಲ್ಲಿ ಮೇಣ ಕಾಯುತ್ತಿತ್ತು. ಚಿಮಟಿಗೆಯಿಂದ ಕಾಗದದ ಒಂದು ಪಟ್ಟಿ ಹರಿದು ಅದರಲ್ಲಿ ಬಿಟ್ಟರು. ಸದ್ದಿಲ್ಲದೆ ಮುಳುಗಿತು. ಮತ್ತೊಂದು ಪಟ್ಟಿಯನ್ನು ನನ್ನ ಬೆರಳಿನಿಂದ ಹಿಡಿಯಲು ಹೇಳಿ ಅದನ್ನೂ ಬಿಡಿಸಿದರು. ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಸಿಡಿಯಿತು.

‘ಅದು ಕೇಬಲ್ಲಿನ ನೀರಲ್ಲ, ನಿನ್ನ ಬೆರಳಿಂದು. ಮನ್ಯಾಗ ಮಡಿ ಮಾಡ್ತಾರಿಲ್ಲೋ?’

‘ಮಾಡ್ತಾರ್ರಿ.’

‘ಇಲ್ಲೂ ಅದ. ಮುಟ್ಟಬಾರದ್ದನ್ನ ಮುಟ್ಟಬ್ಯಾಡ. ಮುಟ್ಟಬೇಕಾದ್ದನ್ನ ತೊಳಕೊಂಡು ಮುಟ್ಟು.’

ಅಂದಿನಿಂದ ತಾಡಪತ್ರಿಯ ಒಳಗಿನ ಆ ಇಕ್ಕಟ್ಟಾದ ತಗ್ಗು ನನಗೆ ದೇವರ ಕೋಣೆಯಷ್ಟೇ ಮಡಿಯಾದ ಸ್ಥಳವಾಯಿತು.

ಕೆಲವು ವರ್ಷಗಳ ಬಳಿಕ ಇಬ್ಬರನ್ನೂ ಕರಾವಳಿಗೆ ಕಳುಹಿಸಿದರು. ನದಿ ಸಮುದ್ರ ಸೇರುವಲ್ಲಿ ಒಂದು ನಡುಗಡ್ಡೆ. ಅಲ್ಲಿಗೆ ನೀರಿನ ತಳದಲ್ಲಿ ಹಾಸಿದ ಎರಡು ಕೇಬಲ್ಲುಗಳಲ್ಲಿ ಒಂದು ಕೆಟ್ಟಿತ್ತು. ಬಯಲುಸೀಮೆಯ ನನಗೆ ಅದೊಂದು ಹೊಸ ಲೋಕ. ನೆಲದ ಕೇಬಲ್ಲು ಮಲಗಿರುತ್ತದೆ. ಸಮುದ್ರದ್ದು ಮಲಗಿದಂತೆ ಕಂಡರೂ ದಿನವೂ ಎಳೆದಾಟದಲ್ಲಿರುತ್ತದೆ. ಅಲೆ, ಉಬ್ಬರವಿಳಿತ, ದೋಣಿಗಳ ಲಂಗರು, ಮೀನಿನ ಬಲೆ. ಆದ್ದರಿಂದ ಅದಕ್ಕೆ ದಪ್ಪ ಉಕ್ಕಿನ ತಂತಿಗಳ ಕವಚ. ಬಂಡೆಯಿರುವ ಕಡೆ ಆ ಕವಚವೂ ಎರಡು ಸುತ್ತು. ಹಡಗಿನ ಒಳಗೂ ಬಂದರಿನ ಕ್ರೇನುಗಳಲ್ಲೂ ಇರುವುದು ಮತ್ತೊಂದು ಬಗೆ: ಅಲ್ಲಿ ರಬ್ಬರಿನ ರಕ್ಷೆ, ಯಾಕೆಂದರೆ ಅದು ಸಾವಿರ ಸಲ ಬಾಗಿದರೂ ಬಿರಿಯುವುದಿಲ್ಲ. ಬಹು ದೂರ ಸಮುದ್ರ ದಾಟಬೇಕಾದರೆ ಹಿಂದೆ ಮುಂದೆ ಹರಿಯುವ ಎಸಿ ಪ್ರವಾಹವೇ ಕೆಲಸಕ್ಕೆ ಬಾರದು. ಕೇಬಲ್ಲನ್ನು ತುಂಬಿಸಿ ಬರಿದು ಮಾಡುವುದರಲ್ಲೇ ಅದರ ಶಕ್ತಿಯೆಲ್ಲ ಕಳೆದುಹೋಗುತ್ತದೆ. ಅಲ್ಲಿ ಒಂದೇ ದಿಕ್ಕಿನ ಡಿಸಿ ಪ್ರವಾಹ ಬೇಕು.

ಎಕ್ಸ್‌ಎಲ್‌ಪಿಇ ಎಂಬ ಹೊಸ ಪ್ಲಾಸ್ಟಿಕ್ಕನ್ನು ನಾನು ಮೊದಲು ಬಿಚ್ಚಿ ನೋಡಿದ್ದು ಆ ತೀರದಲ್ಲಿಯೇ. ಹಾಲಿನ ಬಣ್ಣ, ನುಣುಪಾದ ಮೈ. ಕಾಯಿಸಿದರೆ ಕರಗಿ ಹರಿಯುವ ಸಾಧಾರಣ ಪ್ಲಾಸ್ಟಿಕ್ಕಿನ ಎಳೆಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಅಡ್ಡ ಹೆಣೆದು ಬಿಡುತ್ತಾರೆ. ಆಮೇಲೆ ಅದು ಕಾವಿಗೆ ಹರಿಯದು. ಎಣ್ಣೆಯಿಲ್ಲ, ಸೋರಿಕೆಯಿಲ್ಲ, ಹಗುರ. ಇನ್ನು ಮಡಿಯ ಕಾಟ ತೀರಿತೆಂದು ನಾನು ಹೇಳಿದಾಗ ವಾಮನರಾಯರು ಕೆಟ್ಟ ಕೇಬಲ್ಲಿನ ತೆಳುವಾದ ಬಿಲ್ಲೆಯೊಂದನ್ನು ಕತ್ತರಿಸಿ, ಬಣ್ಣದ ನೀರಿನಲ್ಲಿ ಅದ್ದಿ, ಭೂತಗನ್ನಡಿಯ ಕೆಳಗೆ ಇಟ್ಟರು. ಆ ಬಿಳುಪಿನೊಳಗೆ ಸಣ್ಣ ಸಣ್ಣ ಗಿಡಗಳು ಬೆಳೆದಿದ್ದವು. ಕೊಂಬೆ, ರೆಂಬೆ, ಎಲ್ಲವೂ. ನೀರಿನ ಅಂಶವು ವಿದ್ಯುತ್ತಿನ ಒತ್ತಡದಲ್ಲಿ ವರ್ಷಗಟ್ಟಲೆ ತೆವಳಿ ಹಾಗೆ ಮರದ ಆಕಾರದಲ್ಲಿ ಹಬ್ಬುತ್ತದೆಯಂತೆ. ಹೊರಗಿನಿಂದ ಒಂದು ಗೀರೂ ಕಾಣದು. ಒಂದು ದಿನ ಮರದ ತುದಿ ತಂತಿಯನ್ನು ಮುಟ್ಟುತ್ತದೆ; ಅಲ್ಲಿಗೆ ಕೇಬಲ್ಲು ಸಿಡಿಯುತ್ತದೆ. ಆ ಕಾರಣಕ್ಕೇ ಸಮುದ್ರಕ್ಕೆ ಹೋಗುವ ಎಕ್ಸ್‌ಎಲ್‌ಪಿಇಗೂ ಹಳೆಯ ಸೀಸದ ಕೊಳವೆಯನ್ನು ತೊಡಿಸುತ್ತಾರೆ.

ಅಲ್ಲಿ ಕಂಡ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ತೆಪ್ಪದ ಮೇಲೆ ಎತ್ತಿದ ಕೇಬಲ್ಲನ್ನು ಕೊಯ್ಯುವ ಮುನ್ನ ವಾಮನರಾಯರು ಮೊಳೆ ಹೊಡೆಸುತ್ತಿದ್ದರು. ಹುಬ್ಬಳ್ಳಿಯ ನಮ್ಮ ಕೆಲಸಗಾರರು ಮೊಳೆ ಬಂದೂಕು ಎನ್ನುವ ಸ್ಪೈಕಿಂಗ್ ಗನ್ ಅದು. ಕೇಬಲ್ಲಿಗೆ ಅದನ್ನು ಬಿಗಿದು, ನೆಲಕ್ಕೆ ತಂತಿ ಜೋಡಿಸಿ, ಎಲ್ಲರೂ ದೂರ ನಿಂತು ಹಗ್ಗ ಎಳೆದರೆ ಉಕ್ಕಿನ ಮೊಳೆಯೊಂದು ಕೇಬಲ್ಲಿನ ನಡು ಹೊಕ್ಕು ನಿಲ್ಲುತ್ತದೆ. ಕೇಬಲ್ಲು ಸತ್ತಿದ್ದರೆ ದಬ್ ಎಂಬ ಒಂದು ಸಪ್ಪಳ, ಅಷ್ಟೇ. ಬದುಕಿದ್ದರೆ ಅದು ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಹತ್ತಿರ ಯಾರೂ ಇರುವುದಿಲ್ಲ. ಪ್ರತಿ ಸಲವೂ ದಬ್ ಎಂದೇ ಕೇಳಿಸಿತು. ಪ್ರತಿ ಸಲವೂ ದೋಣಿಯವರು ನಕ್ಕರು.

ನಾನೂ ಕೇಳಿದೆ: ‘ಸತ್ತದ ಅಂತ ಗೊತ್ತಿದ್ದೂ ಯಾಕ್ರಿ ಇದೆಲ್ಲಾ?’

ಅವರು ಸಮುದ್ರದ ಕಡೆ ನೋಡುತ್ತ ಕೇಳಿದರು: ‘ಆಚಾರ್ಯ, ನೀ ಸಂಧ್ಯಾವಂದನಿ ಯಾವಾಗ ಮಾಡ್ತಿ?’

‘ದಿನಾ ಮಾಡ್ತೇನ್ರಿ.’

‘ಪಾಪ ಮಾಡಿದ ದಿನಾ ಅಷ್ಟ ಅಲ್ಲಲ್ಲ? ಸಾಕು, ಹಗ್ಗಾ ಸುತ್ತಿಡು.’

ಅವರು ಈಗಿಲ್ಲ. ಆ ಒಂದು ಮಾತಿನ ಬೆಲೆ ಕಟ್ಟುವ ದಿನ ಬಂದದ್ದು ಬಹಳ ವರ್ಷಗಳ ನಂತರ, ನಾನು ನಿವೃತ್ತಿಯ ಹೊಸ್ತಿಲಲ್ಲಿದ್ದಾಗ, ಹುಬ್ಬಳ್ಳಿಯ ನಮ್ಮ ಅಮರಗೋಳದಲ್ಲಿ.

ಆಗ ನನ್ನೊಡನೆ ಕೇಬಲ್ಲು ಜೋಡಿಸುತ್ತಿದ್ದವನು ವಿರೂಪಾಕ್ಷಪ್ಪ. ಗೋಪನಕೊಪ್ಪದವನು, ನಡುವಯಸ್ಸಿನ ಗಟ್ಟಿ ಆಳು, ಶಿವಭಕ್ತ. ಲಿಂಗಪೂಜೆಯಾಗದೆ ನೀರು ಮುಟ್ಟುವವನಲ್ಲ. ನಾನು ವೈಷ್ಣವ ಮನೆತನದವನು. ಹಣೆಗೆ ಗೋಪೀಚಂದನ, ಅಂಗಾರ, ಅಕ್ಷತೆ. ಇದನ್ನಿಟ್ಟುಕೊಂಡು ನಮ್ಮಲ್ಲಿ ನಿತ್ಯ ಹಾಸ್ಯ ನಡೆಯುತ್ತಿತ್ತು. ‘ಆಚಾರ್ರ, ನಿಮ್ಮ ನಾಮ ಸೀದಾ ಮ್ಯಾಲಕ್ಕ ಹೊಕ್ಕತಿ, ನಮ್ಮದು ಅಡ್ಡ ಹೊಕ್ಕತಿ. ಕೇಬಲ್ಲು ಅಡ್ಡ ಹೋಗೂದ್ರಿ. ಅದು ನಮ್ಮ ಪೈಕಿ’ ಎನ್ನುತ್ತಿದ್ದ. ಅವನದೊಂದು ಪದ್ಧತಿಯಿತ್ತು. ಮೊಳೆ ಹೊಡೆದು, ಸತ್ತದ್ದೆಂದು ಸಾಬೀತಾದ ಕೇಬಲ್ಲಿಗೆ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಮೂರು ಬೆರಳಿನ ಪಟ್ಟೆ ಎಳೆಯುತ್ತಿದ್ದ. ಅವನ ಬಾಯಲ್ಲಿ ಅದು ಈಬತ್ತಿ. ತೀರಿಕೊಂಡವರ ಹಣೆಗೆ ಹಚ್ಚುವುದಿಲ್ಲವೇ, ಹಾಗೆ. ಒಮ್ಮೆ ಪಟ್ಟೆ ಬಿದ್ದಿತೆಂದರೆ ತಂಡದಲ್ಲಿ ಯಾರೂ ಮತ್ತೆ ‘ಯಾವುದು’ ಎಂದು ಕೇಳುತ್ತಿರಲಿಲ್ಲ.

ಅಮರಗೋಳದ ರಸ್ತೆಯಗುಂಟ ಮೂವತ್ಮೂರು ಸಾವಿರ ವೋಲ್ಟಿನ ಎರಡು ಕೇಬಲ್ಲುಗಳು ಜೊತೆಯಾಗಿ ಹೋಗುತ್ತವೆ. ಒಂದು ಕೆಟ್ಟಿತು. ಎರಡರ ಭಾರವೂ ಮತ್ತೊಂದರ ಮೇಲೆ ಬಿತ್ತು: ಒಂದು ಆಸ್ಪತ್ರೆ, ಮಾರುಕಟ್ಟೆಯ ಅಂಗಳ, ನೀರೆತ್ತುವ ಪಂಪುಗಳು. ಮುಂಗಾರಿಗೆ ಮೊದಲಿನ ಅಡ್ಡಮಳೆಯ ದಿನಗಳು. ಮಧ್ಯಾಹ್ನವಾಗುತ್ತಲೇ ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು. ಉಳಿದ ಕೇಬಲ್ಲೂ ಬಿದ್ದರೆ ಊರ ಅರ್ಧ ಭಾಗ ಕತ್ತಲೆ.

ಮೊದಲನೆಯ ತಗ್ಗನ್ನು ರಸ್ತೆಯ ಈಚೆಗೆ ತೋಡಿದೆವು. ಅಲ್ಲಿ ಎಡಕ್ಕಿದ್ದದ್ದು ನುಣುಪಾದ ಕರಿಯ ಮೈಯ ಎಕ್ಸ್‌ಎಲ್‌ಪಿಇ. ಬಲಕ್ಕಿದ್ದದ್ದು ಸೆಣಬು ಸುತ್ತಿದ ಹಳೆಯ ಕಾಗದದ ಕೇಬಲ್ಲು. ಪರೀಕ್ಷಾ ವಾಹನ ಬಂದು ಸಬ್‌ಸ್ಟೇಷನ್ನಿನಿಂದ ಸಂಕೇತ ಕಳುಹಿಸಿ ಎಡದ್ದೇ ಕೆಟ್ಟದ್ದೆಂದು ತೋರಿಸಿತು. ಮೊಳೆ ಹೊಡೆದೆವು. ದಬ್ ಎಂದಿತು. ವಿರೂಪಾಕ್ಷಪ್ಪ ವಿಭೂತಿ ಎಳೆದು, ಕೊಯ್ದು ನೋಡಿದರೆ ತಂತಿಯ ಎಳೆಗಳ ನಡುವೆ ನೀರು. ಅಲ್ಲಿ ಜೋಡಿಸಿ ಫಲವಿಲ್ಲ. ನೀರು ಹೊಗದ ಒಣ ಭಾಗ ಸಿಗುವವರೆಗೆ ಮುಂದೆ ಹೋಗಿ ಕೊಯ್ದು, ನಡುವಿನದನ್ನು ಬದಲಿಸಬೇಕು. ಮುಂದೆ ರಸ್ತೆ ಅಡ್ಡ ಬಂತು, ಅದನ್ನು ಅಗೆಯುವಂತಿಲ್ಲ. ರಸ್ತೆಯಾಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಎರಡನೆಯ ತಗ್ಗು ತೋಡಿದೆವು.

ಅಲ್ಲಿಯೂ ಎರಡೇ ಕೇಬಲ್ಲುಗಳು: ಒಂದು ಎಕ್ಸ್‌ಎಲ್‌ಪಿಇ, ಒಂದು ಕಾಗದ. ಆದರೆ ಎಕ್ಸ್‌ಎಲ್‌ಪಿಇ ಈಗ ಬಲಕ್ಕಿತ್ತು.

‘ಬಾಜೂ ಬದಲಾಗೇದಲ್ಲೋ’ ಎಂದೆ.

ವಿರೂಪಾಕ್ಷಪ್ಪ ತಗ್ಗಿನೊಳಗಿಂದಲೇ ಹೇಳಿದ: ‘ಎಡಾ ಬಲಾ ಬದಲಾಗೂದು ದಿನಾ ನೋಡ್ತೇವ್ರಿ ಆಚಾರ್ರ. ರಸ್ತಾದ ಕೆಳಗ ಒಂದರ ಮ್ಯಾಲೊಂದು ದಾಟಿರ್ತಾವು. ಕೇಬಲ್ಲಿನ ಜಾತಿ ಬದಲಾಗತೈತೇನ್ರಿ? ನಮ್ಮದು ಪ್ಲಾಸ್ಟಿಕ್ಕು. ಅಲ್ಲೂ ಪ್ಲಾಸ್ಟಿಕ್ಕು, ಇಲ್ಲೂ ಪ್ಲಾಸ್ಟಿಕ್ಕು.’

ನನಗೂ ಅದು ಸರಿಯೆಂದೇ ತೋರಿತು. ಈ ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಅನೇಕರು ನನಗೆ ಮೊದಲೇ ಸಂಶಯವಿತ್ತೆಂದು ಭಾವಿಸಿದ್ದಾರೆ. ಇರಲಿಲ್ಲ. ಕೇಬಲ್ಲುಗಳ ಬಗೆಯನ್ನು ಬಲ್ಲವರು ಯಾರೇ ಅಲ್ಲಿ ನಿಂತಿದ್ದರೂ ಅದನ್ನೇ ಹೇಳುತ್ತಿದ್ದರು. ವಿರೂಪಾಕ್ಷಪ್ಪ ಹಿಂದಿನ ತಗ್ಗಿನಲ್ಲಿ ಸಾಬೀತಾದದ್ದೇ ಇಲ್ಲಿಗೂ ಆಯಿತೆಂದು ವಿಭೂತಿ ತೆಗೆದು ಪಟ್ಟೆ ಎಳೆದ. ಮೂರು ಬಿಳಿಯ ಗೆರೆ, ಕರಿಯ ಮೈಯ ಮೇಲೆ, ಎದ್ದು ಕಾಣುವಂತೆ.

ಮೊಳೆ ಬಂದೂಕು ಅಲ್ಲಿರಲಿಲ್ಲ. ಮೊದಲ ಸಲ ಹೊಡೆದಾಗಲೇ ಅದರ ಒಳಗೇನೋ ಸಿಕ್ಕಿಕೊಂಡು, ಡ್ರೈವರ್ ಮೌಲಾಸಾಬ ಅದನ್ನು ರಿಪೇರಿಗೆಂದು ತಾರಿಹಾಳಕ್ಕೆ ಒಯ್ದಿದ್ದ. ಪರೀಕ್ಷಾ ವಾಹನ ಧಾರವಾಡದ ಕಡೆ ಬೇರೆ ಕೆಲಸಕ್ಕೆ ಹೋಗಿತ್ತು.

ವಿರೂಪಾಕ್ಷಪ್ಪ ಗರಗಸಕ್ಕೆ ಹೊಸ ಬ್ಲೇಡು ಹಾಕಿದ.

‘ಬಂದೂಕು ಬರೂತನಕಾ ಗರಗಸ ಕೆಳಗಿಡು’ ಎಂದೆ.

ಅವನು ತಲೆಯೆತ್ತಿದ. ‘ಮತ್ತ ಮೊಳಿ ಹೊಡೀಬೇಕಂತೀರೇನು?’

‘ಹೌದು. ಹೊಸ ತಗ್ಗು, ಹೊಸ ಮೊಳಿ.’

‘ಅಂದ್ರ ನನ್ನ ಈಬತ್ತಿ ಮ್ಯಾಲ ನಂಬಿಗಿ ಇಲ್ಲಂದಂಗಾತು.’ ಅವನು ನಗುತ್ತಿರಲಿಲ್ಲ. ‘ಗೋಪೀಚಂದನ ಹಚ್ಚಿದ್ರ ಒಪ್ತಿದ್ರ್ಯೋ ಏನೋ.’

ಇಷ್ಟು ವರ್ಷಗಳ ಹಾಸ್ಯದೊಳಗೆ ಎಂದೂ ಇರದಿದ್ದ ಮುಳ್ಳು ಅದರಲ್ಲಿತ್ತು.

‘ಗೋಪೀಚಂದನ ಹಚ್ಚಿದ್ರೂ ಮೊಳಿ ಹೊಡೀತಿದ್ದೆ, ವಿರೂಪಾಕ್ಷಪ್ಪ.’

‘ಹೇಳೂ ಮಾತು.’ ಅವನು ಗರಗಸವನ್ನು ಕೆಳಗಿಟ್ಟ. ಮುಖವನ್ನು ಆಚೆ ತಿರುಗಿಸಿದ. ಬಲ ಅಂಗೈ ಮಾತ್ರ ಆ ಕೇಬಲ್ಲಿನ ಮೇಲೆಯೇ ಇತ್ತು, ತನ್ನ ಎತ್ತಿನ ಬೆನ್ನ ಮೇಲೆ ಕೈಯಿಟ್ಟವನಂತೆ. ಹೊರಮೈ ಮುಟ್ಟಿದರೆ ಕೇಬಲ್ಲು ಏನನ್ನೂ ಹೇಳುವುದಿಲ್ಲ. ಒಳಗೆ ಲೋಹದ ಪದರವೊಂದನ್ನು ನೆಲಕ್ಕೆ ಜೋಡಿಸಿರುವುದರಿಂದ ಬದುಕಿದ್ದಕ್ಕೂ ಸತ್ತದ್ದಕ್ಕೂ ಕೈಗೆ ಭೇದ ಸಿಗದು. ಬಿಸಿಲಿಗೆ ಎರಡೂ ಬೆಚ್ಚಗಿದ್ದವು.

ಮೋಡ ಏರುತ್ತಿತ್ತು. ಗಾಳಿಯಲ್ಲಿ ಮಣ್ಣಿನ ವಾಸನೆ ಬರತೊಡಗಿತು. ಮೌಲಾಸಾಬನಿಗೆ ಫೋನು ಮಾಡಿದೆ. ‘ಬಿಚ್ಚ್ಯಾರ್ರಿ, ಜೋಡಿಸಾಕತ್ತಾರ’ ಎಂದ. ಅಷ್ಟರಲ್ಲಿ ನಮ್ಮ ಮೇಲಧಿಕಾರಿ ಜಾಗೀರದಾರ ಸಾಹೇಬರ ಜೀಪು ಬಂದು ನಿಂತಿತು. ವಯಸ್ಸಿನಲ್ಲಿ ನನಗಿಂತ ಕಿರಿಯರು, ಕೆಟ್ಟವರಲ್ಲ. ಆದರೆ ಆ ದಿನ ಅವರ ಫೋನು ಒಂದು ಗಳಿಗೆಯೂ ಸುಮ್ಮನಿರಲಿಲ್ಲ.

‘ಆಚಾರ್ಯರ, ಕೆಲಸ ಯಾಕ ನಿಂತದ?’

ಹೇಳಿದೆ.

‘ಅಲ್ಲಿ ಮೊಳಿ ಹೊಡದೀರಿ, ಕೇಬಲ್ಲು ಸತ್ತದ್ದು ಸಾಬೀತಾಗೇದ. ಸತ್ತದ್ದನ್ನ ಮತ್ತೊಮ್ಮೆ ಸಾಯಿಸಬೇಕೇನ್ರಿ?’

‘ನಿಯಮ ಅದರಿ ಸಾಹೇಬರ.’

‘ನಿಮಗ ಸಂಶಯ ಅದ ಏನು?’

‘ಇಲ್ರಿ.’

‘ಸಂಶಯ ಇಲ್ಲಂದ ಮ್ಯಾಲ?’ ಅವರು ಮೋಡದ ಕಡೆ ಕೈ ತೋರಿಸಿದರು. ‘ಇನ್ನ ಸ್ವಲ್ಪ ಹೊತ್ತಿಗೆ ಈ ತಗ್ಗಿನಾಗ ನೀರು ನಿಂದರ್ತದ. ಆ ಕಡೆ ಒಂದು ಕೇಬಲ್ಲಿನ ಮ್ಯಾಲ ಎರಡರ ಭಾರ ಕುಂತದ, ಅದು ಹೋತಂದ್ರ ಆಸ್ಪತ್ರಿಗೆ ನಾ ಏನ ಹೇಳ್ಲಿ? ಗೋಪನಕೊಪ್ಪಕ್ಕ ಇವತ್ತ ನೀರಿನ ಪಾಳಿ.’

‘ಖರೇರಿ’ ಎಂದ ವಿರೂಪಾಕ್ಷಪ್ಪ ಕೆಳಗಿನಿಂದ. ‘ನಮ್ಮಾಕಿ ಕೊಡಾ ಹಚ್ಚಿಕೊಂಡು ಕುಂತಾಳ. ಇವತ್ತ ತಪ್ಪಿದ್ರ ಮತ್ತ ಯಾವಾಗೋ.’

‘ನೋಡ್ರಿ, ನಿಮ್ಮ ಮನಷ್ಯಾನ ಹೇಳಾಕತ್ತಾನ. ವಿರೂಪಾಕ್ಷಪ್ಪ, ಚಾಲೂ ಮಾಡು.’

ವಿರೂಪಾಕ್ಷಪ್ಪ ನನ್ನನ್ನು ನೋಡಲಿಲ್ಲ. ಪಟ್ಟೆಗೆ ಒಮ್ಮೆ ಕೈ ಮುಗಿದ. ಗರಗಸ ಎತ್ತಿಕೊಂಡು ಬ್ಲೇಡನ್ನು ವಿಭೂತಿಯ ಪಕ್ಕಕ್ಕಿಟ್ಟು ಎಳೆದ. ಕರಿಯ ಪ್ಲಾಸ್ಟಿಕ್ಕಿನ ಸಣ್ಣ ಸುರುಳಿಯೊಂದು ಎದ್ದಿತು.

ನಾನು ಆಗ ಯೋಚಿಸಿದೆನೆಂದು ಹೇಳಲಾರೆ. ತಗ್ಗಿಗೆ ಇಳಿದೆ, ಮಂಡಿಯೂರಿ, ಬ್ಲೇಡು ಎಳೆದ ಗೆರೆಯ ಮೇಲೆ ಅಂಗೈ ಚಾಚಿ ಇಟ್ಟೆ.

‘ಕೊಯ್ಯೂದಾದ್ರ ಇದರ ಮ್ಯಾಲೆ ಕೊಯ್ಯಿ.’

ಗರಗಸ ಗಾಳಿಯಲ್ಲೇ ನಿಂತಿತು. ‘ಆಚಾರ್ರ, ಕೈ ತಗೀರಿ’ ಎಂದ ಮೆಲ್ಲನೆ. ಅವನ ತುಟಿ ಅದುರುತ್ತಿತ್ತು. ಸಿಟ್ಟಿಗೋ ನಾಚಿಕೆಗೋ ತಿಳಿಯಲಿಲ್ಲ.

ಮೇಲಿನಿಂದ ಸಾಹೇಬರು: ‘ಏನ್ರಿ ಇದು, ನಾಟಕಾ?’

‘ಬಂದೂಕು ಬರ್ಲಿ, ಸಾಹೇಬರ. ಮೊಳಿ ಹೊಡದು ದಬ್ ಅಂದ್ರ ನೀವು ನನಗ ಏನು ಬೇಕಾದ್ದು ಅನ್ರಿ. ಎಲ್ಲಾರ ಮುಂದ ಕೇಳ್ಕೋತೇನಿ.’

ಎಷ್ಟು ಹೊತ್ತು ಹಾಗೆ ಕುಳಿತಿದ್ದೆವೋ. ಮೊದಲ ಹನಿಗಳು ಬಿದ್ದವು. ವಿಭೂತಿಯ ಮೇಲೊಂದು ಬಿದ್ದು ಬಿಳಿಯ ಗೆರೆಯೊಂದು ಕೆಳಗೆ ಇಳಿಯಿತು. ತಾಡಪತ್ರಿ ಎಳೆಯಿರೆಂದು ಯಾರೋ ಕೂಗಿದರು. ನಾನು ಅಷ್ಟಾಕ್ಷರಿ ಜಪಿಸುತ್ತಿದ್ದೆ. ವಿರೂಪಾಕ್ಷಪ್ಪನ ತುಟಿಯೂ ಪಂಚಾಕ್ಷರಿಗೇ ಅಲುಗುತ್ತಿತ್ತೆಂದು ಆಮೇಲೆ ಹೊಳೆಯಿತು. ಇಬ್ಬರ ಅಂಗೈಗಳೂ ಒಂದೇ ಕೇಬಲ್ಲಿನ ಮೇಲಿದ್ದವು.

ಹಾರ್ನ್ ಕೇಳಿಸಿತು. ಮೌಲಾಸಾಬ ಗಾಡಿಯನ್ನು ಅಡ್ಡಾದಿಡ್ಡಿ ನಿಲ್ಲಿಸಿ, ಬಂದೂಕನ್ನು ಕೂಸಿನಂತೆ ಎದೆಗವಚಿಕೊಂಡು ಓಡಿ ಬಂದ.

ವಿರೂಪಾಕ್ಷಪ್ಪನೇ ಅದನ್ನು ಬಿಗಿದ. ತನ್ನ ಪಟ್ಟೆಯ ಮೇಲೆ ಸರಿಯಾಗಿ ಬಿಗಿದ. ನೆಲದ ತಂತಿ ಜೋಡಿಸಿ, ಎರಡು ಸಲ ಜಗ್ಗಿ ನೋಡಿ, ಹಗ್ಗವನ್ನು ಬಿಡಿಸುತ್ತ ಮೇಲೆ ಬಂದು ನನ್ನ ಕೈಗೆ ಕೊಟ್ಟ. ‘ನೀವಽ ಎಳೀರಿ. ನಿಮ್ಮ ಸಮಾಧಾನಕ್ಕ.’ ಎಲ್ಲರನ್ನೂ ಹಿಂದಕ್ಕೆ ಸರಿಸಿದೆ. ಅವನು ಗರಗಸವನ್ನು ಕೈಯಲ್ಲಿ ಹಿಡಿದೇ ನಿಂತಿದ್ದ, ಸದ್ದಾದ ಮರುಕ್ಷಣ ಇಳಿಯಲು ಸಿದ್ಧನಾಗಿ.

ಎಳೆದೆ.

ದಬ್ ಎಂಬ ಸದ್ದು ಕೇಳಿಸಲೇ ಇಲ್ಲ. ಅದನ್ನು ನುಂಗಿಕೊಂಡು ಮತ್ತೊಂದು ಎದ್ದಿತು. ತಗ್ಗಿನ ಬಾಯಿಂದ ನೀಲಿ ಬಿಳುಪಿನ ಬೆಳಕು ಮೇಲಕ್ಕೆ ಹಾರಿತು, ಅಂಗಾಲ ಕೆಳಗಿನ ನೆಲ ಒದ್ದಂತಾಯಿತು, ತಾಡಪತ್ರಿ ಹರಿದು ಕಂಬದೊಡನೆ ಆಚೆ ಬಿತ್ತು, ಮಣ್ಣು ಮುಖಕ್ಕೆ ಬಡಿಯಿತು. ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಎದುರಿನ ಚಹಾದಂಗಡಿಯ ರೇಡಿಯೊ ಪದದ ನಡುವೆ ನಿಂತಿತು. ಅದಕ್ಕೂ ಆಚೆ, ಮಾರುಕಟ್ಟೆಯಂಗಳದ ಕಾಳು ಸಾಣಿಸುವ ಯಂತ್ರಗಳು ಒಂದೊಂದಾಗಿ ದನಿ ತಗ್ಗಿಸಿ ನಿಂತವು.

ವಿರೂಪಾಕ್ಷಪ್ಪ ತಗ್ಗನ್ನು ನೋಡಿದ. ಕೈಯಲ್ಲಿದ್ದ ಗರಗಸವನ್ನು ನೋಡಿದ. ಬ್ಲೇಡಿನ ಹಲ್ಲುಗಳಲ್ಲಿ ಆ ಕರಿಯ ಪ್ಲಾಸ್ಟಿಕ್ಕಿನ ಪುಡಿ ಇನ್ನೂ ಅಂಟಿತ್ತು. ನಿಂತಲ್ಲಿಯೇ ಕುಕ್ಕರಿಸಿದ. ಜಾಗೀರದಾರ ಸಾಹೇಬರ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವರು ಅದನ್ನು ಕಿಸೆಯಿಂದ ತೆಗೆದು, ನೋಡದೆ, ಹಿಡಿದುಕೊಂಡೇ ನಿಂತರು. ಆಮೇಲೆ ಕೇಬಲ್ಲಿನ ಡ್ರಮ್ಮಿಗೆ ಒರಗಿ ಇಷ್ಟೇ ಅಂದರು: ‘ನಾ ಚಾಲೂ ಮಾಡು ಅಂದಿದ್ದೆನಲ್ರಿ.’

ವಿರೂಪಾಕ್ಷಪ್ಪನ ಫೋನೂ ಬಡಿಯಿತು. ಹೆಂಡತಿ. ಅವಳ ದನಿ ನನಗೂ ಕೇಳಿಸುವಷ್ಟಿತ್ತು: ಎರಡು ಕೊಡ ತುಂಬಿದ್ದವು, ನಳ ನಿಂತುಬಿಟ್ಟಿತು, ಕರೆಂಟ್ ತೆಗೆದವರ ಕೈ ಸೇದಿಹೋಗಲಿ.

‘ಹೌದ, ನಾವಽ ತಗದೇವಿ’ ಎಂದ ಅವನು. ‘ಬೈಬ್ಯಾಡ. ಮನೀಗಿ ಬರ್ತೇನಿ. ಮನೀಗಿ ಬಂದು ಎಲ್ಲಾ ಹೇಳ್ತೇನಿ.’

ಆದದ್ದೇನೆಂಬುದು ಮರುದಿನದ ಪರೀಕ್ಷೆಯಲ್ಲಿ ತಿಳಿಯಿತು. ಎರಡೂ ಕೇಬಲ್ಲುಗಳು ಹುಟ್ಟಿನಲ್ಲಿ ಕಾಗದದವೇ. ಎಂದೋ ರಸ್ತೆಯ ಈಚೆಗೆ ಎಡದ್ದು ಕೆಟ್ಟಾಗ ಆ ತುಂಡಿಗೆ ಎಕ್ಸ್‌ಎಲ್‌ಪಿಇ ಹಾಕಿದ್ದರು. ಮತ್ತೆಂದೋ ರಸ್ತೆಯ ಆಚೆಗೆ ಬಲದ್ದು ಕೆಟ್ಟಾಗ ಅದಕ್ಕೂ ಎಕ್ಸ್‌ಎಲ್‌ಪಿಇ ಹಾಕಿದ್ದರು. ಕೇಬಲ್ಲುಗಳು ರಸ್ತೆಯ ಕೆಳಗೆ ದಾಟಿರಲೇ ಇಲ್ಲ. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಇತ್ತು. ಬದಲಾಗದೆಂದು ನಾವು ನಂಬಿದ್ದ ಮೈಯೇ ಬದಲಾಗಿತ್ತು. ಹೊಸಬನೊಬ್ಬ ಅಲ್ಲಿದ್ದಿದ್ದರೆ ಏನೂ ತಿಳಿಯದೆ ಎಡದ್ದನ್ನೇ ತೋರಿಸುತ್ತಿದ್ದನೇನೋ. ಕಾಗದ, ಸೀಸ, ಪ್ಲಾಸ್ಟಿಕ್ಕುಗಳ ಭೇದವನ್ನು ಚೆನ್ನಾಗಿ ಬಲ್ಲವರಾದ್ದರಿಂದಲೇ ನಾವು ಬಲಕ್ಕೆ ಹೋದೆವು.

ಆದ್ದರಿಂದ ಈ ಕೆಲಸಕ್ಕೆ ಬರುತ್ತಿರುವ ಮಕ್ಕಳಿಗೆ ನಾನು ಹೇಳುವುದು ಹೆಚ್ಚಿಲ್ಲ. ಕೇಬಲ್ಲುಗಳ ಬಗೆಗಳನ್ನು ಶ್ರದ್ಧೆಯಿಂದ ಕಲಿಯಿರಿ. ಯಾವುದಕ್ಕೆ ನೀರು ವೈರಿ, ಯಾವುದಕ್ಕೆ ಕಾವು, ಯಾವುದಕ್ಕೆ ಬಾಗು ಎಂಬುದು ಬಾಯಿಪಾಠವಾಗಿರಲಿ. ಆದರೆ ಮೈ ನೋಡಿ ಇದು ಇಂಥದ್ದೇ, ಇದು ಸತ್ತದ್ದೇ ಎಂದು ತೀರ್ಮಾನಿಸಬೇಡಿ. ಸಂಶಯ ಬಂದ ದಿನ ಎಲ್ಲರೂ ಪರೀಕ್ಷಿಸುತ್ತಾರೆ. ಆ ದಿನ ನನಗೆ ಸಂಶಯವಿರಲಿಲ್ಲ.

ಎರಡು ಕೇಬಲ್ಲುಗಳನ್ನೂ ಜೋಡಿಸಬೇಕಾಯಿತು. ಆಸ್ಪತ್ರೆಯವರು ಜನರೇಟರಿನ ಮೇಲೆ ನಡೆಸಿದರು. ನಮ್ಮ ಇಲಾಖೆ ಪತ್ರಿಕೆಗಳಲ್ಲಿ ಬೈಸಿಕೊಂಡಿತು. ಜಾಗೀರದಾರ ಸಾಹೇಬರು ಮೇಲಿನವರಿಗೆ ಉತ್ತರ ಹೇಳುವಾಗ ನಮ್ಮಿಬ್ಬರ ಹೆಸರನ್ನೂ ಎತ್ತಲಿಲ್ಲ. ಆಮೇಲೆ ತಗ್ಗಿನ ಬಳಿ ಬಂದರೆ ಅವರು ಮೊದಲು ಕೇಳುತ್ತಿದ್ದದ್ದು ‘ಬಂದೂಕು ಎಲ್ಲದ?’ ಎಂದು.

ಎರಡನೆಯ ತಗ್ಗಿನ ಎಡಗಡೆಯ ಕಾಗದದ ಕೇಬಲ್ಲಿಗೆ ಮೊಳೆ ಹೊಡೆದದ್ದು ಪರೀಕ್ಷಾ ವಾಹನ ಬಂದು ತೋರಿಸಿದ ನಂತರ. ದಬ್ ಎಂದಿತು. ಆ ಸಪ್ಪಳಕ್ಕೆ ಅಂದು ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ವಿರೂಪಾಕ್ಷಪ್ಪನ ಸೊಂಟದ ಚೀಲದ ಕಡೆ ಹೋಯಿತು. ಅವನು ವಿಭೂತಿಯ ಗಟ್ಟಿ ತೆಗೆದ, ಬೆರಳು ತಿಕ್ಕಿದ, ಕೇಬಲ್ಲಿನವರೆಗೆ ಒಯ್ದು ನಿಲ್ಲಿಸಿದ. ಆಮೇಲೆ ಗಟ್ಟಿಯನ್ನು ನನ್ನ ಮುಂದೆ ಹಿಡಿದ.

‘ನೀವಽ ಹಚ್ರಿ, ಆಚಾರ್ರ.’

ನಮ್ಮ ಮನೆತನದಲ್ಲಿ ವಿಭೂತಿ ಮುಟ್ಟುವ ಪದ್ಧತಿಯಿಲ್ಲ; ಅದು ಅವನಿಗೂ ಗೊತ್ತಿತ್ತು. ನಾನು ಗಟ್ಟಿಯ ಮೇಲೆ ಮೂರು ಬೆರಳು ತಿಕ್ಕಿ, ಡಾಂಬರಿನ ಆ ಒರಟು ಸೆಣಬಿನ ಮೇಲೆ ಅಡ್ಡಲಾಗಿ ಎಳೆದೆ. ಗೆರೆ ಸೊಟ್ಟಗಾಯಿತು.

‘ಸೊಟ್ಟ ಆತ್ರಿ’ ಎಂದ ವಿರೂಪಾಕ್ಷಪ್ಪ.

‘ರೂಢಿ ಇಲ್ಲೋ.’

‘ಆಗತೈತಿ ಬಿಡ್ರಿ’ ಎಂದು ಗರಗಸ ಎತ್ತಿಕೊಂಡ.

ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಸಂಧ್ಯಾವಂದನೆಗೆ ಕುಳಿತೆ. ಆಚಮನಕ್ಕೆ ಅಂಗೈ ಮಡಿಸಿದಾಗ ಉಗುರಿನ ಸಂದಿಯಲ್ಲಿ ಬಿಳಿಯ ಬೂದಿ ಇನ್ನೂ ಕಾಣುತ್ತಿತ್ತು. ಮತ್ತೊಮ್ಮೆ ಎದ್ದು ತೊಳೆಯಲು ಮನಸ್ಸಾಗಲಿಲ್ಲ. ಅದು ಇದ್ದಂತೆಯೇ, ಆ ಕೈಯಿಂದಲೇ ನೀರು ತೆಗೆದುಕೊಂಡೆ.